ಕ್ಯಾನ್ಸರ್ ಚಿಕಿತ್ಸೆಯ ವಿವರ ರೋಗಿಯ ಕೈಯಲ್ಲಿರಲಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ತಪಾಸಣಾ ಶಿಬಿರಗಳು ಮತ್ತು ಹೊಸ ಯಂತ್ರಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಗುಣಮುಖರಾಗಿ ಮನೆಗೆ ಮರಳಿದವರು ಐದು, ಹತ್ತು ವರ್ಷಗಳ ಬಳಿಕ ಎದುರಿಸುವ ತೊಂದರೆಗಳ ಬಗ್ಗೆ ಬರುವುದು ತೀರ ಕಡಿಮೆ.

ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಪಡೆದವರಲ್ಲಿ (ಜನ ‘ಕರೆಂಟ್ ಕೊಡಿಸಿದೆವು’ ಎನ್ನುವುದು ಇದನ್ನೇ) ಜೊಲ್ಲು ಕಡಿಮೆಯಾಗಿ ಹಲ್ಲುಗಳು ಬೇಗ ಹುಳುಕಾಗುತ್ತವೆ. ದವಡೆಯ ಮೂಳೆಗೆ ರಕ್ತಸಂಚಾರವೂ ಕುಂದಿರುವುದರಿಂದ, ಹಲ್ಲು ಕೀಳಿಸಿದ ಜಾಗ ಮಾಯದೆ ಮೂಳೆಯೇ ಸಾಯುವ ಅಪಾಯ ಎಷ್ಟೋ ವರ್ಷಗಳ ನಂತರವೂ ಉಳಿದಿರುತ್ತದೆ. ತಂಬಾಕು, ಅಡಿಕೆಯ ಚಟದಿಂದ ಬಾಯಿ ಕ್ಯಾನ್ಸರ್ ಸಾಮಾನ್ಯವಾಗಿರುವ ನಮ್ಮಲ್ಲಿ, ಬಡಾವಣೆಯ ದಂತವೈದ್ಯರಿಗೆ ಹಳೆಯ ಕರೆಂಟಿನ ಸಂಗತಿ ತಿಳಿಸಬೇಕೆಂದು ಎಷ್ಟು ರೋಗಿಗಳಿಗೆ ಗೊತ್ತಿದೆ? ಕುತ್ತಿಗೆಗೆ ಬಿದ್ದ ವಿಕಿರಣದಿಂದ ಥೈರಾಯ್ಡ್ ಗ್ರಂಥಿಯೂ ನಿಧಾನಗೊಳ್ಳಬಹುದು. ಆಗ ಕಾಡುವ ಸುಸ್ತನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವವರೇ ಹೆಚ್ಚು.

ಸ್ತನ ಕ್ಯಾನ್ಸರ್ ಮುಂತಾದವುಗಳಿಗೆ ಕೊಡುವ ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು. ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಮ್ಮ ಅತ್ತಿಗೆಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿದಾಗ ಹೃದ್ರೋಗ ತಜ್ಞರು ಮೊದಲು ಕೇಳಿದ್ದೇ ಈ ಒಟ್ಟು ಪ್ರಮಾಣವನ್ನು. ಡಿಸ್ಚಾರ್ಜ್ ಸಮರಿಯಲ್ಲಿ ಕಿಮೊ ಪೂರ್ಣಗೊಂಡಿದೆ ಎಂಬ ಒಂದೇ ಸಾಲಿತ್ತು. ಚಿಕಿತ್ಸೆ ನೀಡಿದ ಆಸ್ಪತ್ರೆಯಲ್ಲಿ ವಿಚಾರಿಸಿದರೆ, ಹಳೆಯ ಫೈಲು ಸಿಗುವುದು ಕಷ್ಟ ಎಂದು ಹೇಳಿ ಕಳುಹಿಸಿದರು.

ಇವನ್ನೆಲ್ಲ ಮೊದಲೇ ಹೇಳಿದರೆ ಜನ ಚಿಕಿತ್ಸೆಗೇ ಹೆದರುತ್ತಾರೆ ಎಂಬ ವಾದವಿದೆ. ಹೆದರುವ ಘಟ್ಟವನ್ನು ದಾಟಿ ಬಂದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಜೀವ ಉಳಿಸಿದ ಔಷಧವನ್ನು ಅವರಾರೂ ಹಳಿಯುವುದೂ ಇಲ್ಲ.

ಆದ್ದರಿಂದ ಚಿಕಿತ್ಸೆ ಮುಗಿದ ದಿನವೇ ಔಷಧಗಳ ಹೆಸರು, ಅವುಗಳ ಒಟ್ಟು ಪ್ರಮಾಣ, ವಿಕಿರಣ ಕೊಟ್ಟ ಭಾಗ ಮತ್ತು ಪ್ರಮಾಣ, ಮುಂದೆ ಯಾವ ಪರೀಕ್ಷೆಯನ್ನು ಎಷ್ಟು ಕಾಲಕ್ಕೊಮ್ಮೆ ಮಾಡಿಸಬೇಕು ಎಂಬುದನ್ನು ಬರೆದ ಒಂದು ಹಾಳೆಯನ್ನು ಪ್ರತಿ ರೋಗಿಗೂ ಕೊಡುವುದನ್ನು ಆರೋಗ್ಯ ಇಲಾಖೆ ಖಾಸಗಿ ಆಸ್ಪತ್ರೆಗಳೂ ಸೇರಿ ಎಲ್ಲೆಡೆ ಕಡ್ಡಾಯಗೊಳಿಸಬೇಕು. 1973ರಿಂದ ರಾಜ್ಯದ ಮೂಲೆಮೂಲೆಗಳ ರೋಗಿಗಳನ್ನು ನೋಡುತ್ತಿರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ತಜ್ಞರು ಇದರ ನಮೂನೆಯನ್ನು ರೂಪಿಸಿಕೊಡಬಲ್ಲರು. ಬೀದರ್, ರಾಯಚೂರಿನಿಂದ ಬೆಂಗಳೂರಿಗೆ ಬಂದು ಹೋದವರನ್ನು ಆಮೇಲೆ ನೋಡುವುದು ಅಲ್ಲಿನ ತಾಲ್ಲೂಕು ಆಸ್ಪತ್ರೆಯ ವೈದ್ಯರು. ಔಷಧದ ಹೆಸರು ಇಂಗ್ಲಿಷಿನಲ್ಲಿದ್ದರೂ ಅಡ್ಡಿಯಿಲ್ಲ; ಯಾವ ಲಕ್ಷಣ ಕಂಡರೆ ಯಾರ ಬಳಿ ಹೋಗಬೇಕೆಂಬುದು ಮಾತ್ರ ಕನ್ನಡದಲ್ಲೇ ಇರಬೇಕು.

— ಓದುಗರೊಬ್ಬರು, ಜಯನಗರ, ಬೆಂಗಳೂರು