ಅಳಿಸುವ ಮೊದಲು ಎಲ್ಲಿದ್ದೇವೆಂದು ಕೇಳಲು ಕಲಿಸಿ

ಮಾನ್ಯ ಸಂಪಾದಕರೇ,

ಕಾರಟಗಿ, ಗಂಗಾವತಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಭತ್ತದ ಸುಗ್ಗಿಯಲ್ಲಿ ತೂಕದ ಚೀಟಿ, ರೈತರ ಬಾಕಿ, ಹಮಾಲರ ಕೂಲಿ ಎಲ್ಲವೂ ಇವುಗಳಲ್ಲೇ ಇರುತ್ತವೆ. ಡಿಪ್ಲೊಮಾ, ಬಿಸಿಎ ಮುಗಿಸಿ ಕೆಲಸಕ್ಕೆ ಬರುವ ಮಕ್ಕಳು ಚುರುಕಾಗಿದ್ದಾರೆ. ಆದರೆ ಕಮಾಂಡ್ ಪ್ರಾಂಪ್ಟ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ‘ಈಗ ಯಾವ ಫೋಲ್ಡರ್‌ನಲ್ಲಿದ್ದೀಯ?’ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ. ಮೊಬೈಲ್ ಹಿಡಿದು ಬೆಳೆದವರಿಗೆ ಕಡತ ಎಲ್ಲಿದೆ ಎಂದು ಹುಡುಕುವ ಪ್ರಸಂಗವೇ ಬಂದಿಲ್ಲ. ಕಾಲೇಜಿನಲ್ಲಿ ಲ್ಯಾಬ್ ರೆಕಾರ್ಡ್ ಬರೆಯುವುದರಲ್ಲೇ ಸೆಮಿಸ್ಟರ್ ಕಳೆದುಹೋಗುತ್ತದೆ.

ಪೂರ್ತಿ ಹಾದಿ ಹೇಳದಿದ್ದರೆ ಆಜ್ಞೆ ನಡೆಯುವುದು ನಾವಿರುವ ಫೋಲ್ಡರ್‌ನಲ್ಲೇ. ಅದು ಯಾವುದೆಂದು ಕೇಳುವ ವಿಧಾನ ಬಹಳ ಸುಲಭ. ಲಿನಕ್ಸ್ ಮತ್ತು ಮ್ಯಾಕ್ ಟರ್ಮಿನಲ್‌ನಲ್ಲಿ ‘ಪಿಡಬ್ಲ್ಯುಡಿ’ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ ನಾವಿರುವ ಡೈರೆಕ್ಟರಿಯ, ಅಂದರೆ ಫೋಲ್ಡರ್‌ನ, ಪೂರ್ತಿ ಹಾದಿ ತೆರೆಯ ಮೇಲೆ ಬರುತ್ತದೆ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬರೀ ‘ಸಿಡಿ’ ಸಾಕು. ವಿಂಡೋಸ್‌ನದೇ ಇನ್ನೊಂದು ಆಜ್ಞೆಯ ಕಿಟಕಿಯಾದ ಪವರ್‌ಶೆಲ್‌ನಲ್ಲಿ ‘ಗೆಟ್-ಲೊಕೇಶನ್’, ಅಲ್ಲಿ ಪಿಡಬ್ಲ್ಯುಡಿ ಕೂಡ ನಡೆಯುತ್ತದೆ. ಆದರೆ ಲಿನಕ್ಸ್, ಮ್ಯಾಕ್‌ಗಳಲ್ಲಿ ಬರೀ ಸಿಡಿ ಒತ್ತಬಾರದು, ಅದು ಉತ್ತರ ಕೊಡದೆ ನಮ್ಮನ್ನು ಹೋಮ್ ಡೈರೆಕ್ಟರಿಗೆ ಒಯ್ದುಬಿಡುತ್ತದೆ.

ಟೈಪ್ ಮಾಡುವ ಸಾಲಿನ ಆರಂಭದ ಪ್ರಾಂಪ್ಟ್‌ನಲ್ಲೇ ಫೋಲ್ಡರ್ ಹೆಸರು ಕಾಣುತ್ತದಲ್ಲ ಎನ್ನುವವರಿದ್ದಾರೆ. ಎಷ್ಟೋ ಯಂತ್ರಗಳಲ್ಲಿ ಕಾಣುವುದು ಹಾದಿಯ ಕೊನೆಯ ತುಂಡು ಮಾತ್ರ. ಖರೀದಿಯ ಒಳಗೂ ಮಾರಾಟದ ಒಳಗೂ ‘2024’ ಎಂಬ ಫೋಲ್ಡರ್ ಇದ್ದರೆ ಯಾವುದರಲ್ಲಿದ್ದೇವೆಂದು ಹೇಗೆ ತಿಳಿಯಬೇಕು? ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇನ್ನೊಂದು ತೊಡಕಿದೆ. ಸಿ ಡ್ರೈವ್‌ನಲ್ಲಿದ್ದುಕೊಂಡು ಸಿಡಿ ಮುಂದೆ ಡಿ ಡ್ರೈವ್‌ನ ಫೋಲ್ಡರ್ ಬರೆದರೆ ಅದು ತಪ್ಪೆಂದು ಹೇಳುವುದೂ ಇಲ್ಲ, ಅಲ್ಲಿಗೆ ಹೋಗುವುದೂ ಇಲ್ಲ. ಸಿಡಿ ಆದ ಮೇಲೆ ‘/ಡಿ’ ಸೇರಿಸಬೇಕು. ಇದು ಗೊತ್ತಿಲ್ಲದೆ ಅಳಿಸುವ ಆಜ್ಞೆ ಕೊಟ್ಟರೆ ಅಳಿಯುವುದು ಬೇರೆಯೇ ಕಡತಗಳು. ಲಿನಕ್ಸ್‌ನಲ್ಲಿ ಅಳಿಸುವ ಆಜ್ಞೆಯಾದ ‘ಆರ್‌ಎಂ’ ಅಂತೂ ಸಾಮಾನ್ಯವಾಗಿ ಮರುಮಾತು ಕೇಳುವುದಿಲ್ಲ.

ಒಂದು ಗಿರಣಿಯಲ್ಲಿ ಆದದ್ದನ್ನು ಹೇಳಲೇಬೇಕು. ಪ್ರತಿ ರಾತ್ರಿ ಲೆಕ್ಕದ ಬ್ಯಾಕಪ್ ಆಗುವಂತೆ ಯಾರೋ ಸಣ್ಣ ಬ್ಯಾಚ್ ಫೈಲ್ (ಆಜ್ಞೆಗಳ ಪಟ್ಟಿಯ ಕಡತ) ಬರೆದು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದ್ದರು. ಕೈಯಿಂದ ಓಡಿಸಿದಾಗ ಸರಿಯಾಗಿ ನಡೆದಿತ್ತು. ಆದರೆ ‘ಸ್ಟಾರ್ಟ್ ಇನ್’ ಎಂಬ ಖಾನೆ ಖಾಲಿ ಬಿಟ್ಟರೆ ಆ ಕೆಲಸ ವಿಂಡೋಸ್‌ನ ಸ್ವಂತ ಕಡತಗಳಿರುವ ‘ಸಿಸ್ಟಮ್32’ ಫೋಲ್ಡರ್‌ನಲ್ಲಿ ಶುರುವಾಗುತ್ತದೆ. ಫೈಲಿನಲ್ಲಿ ಪೂರ್ತಿ ಹಾದಿ ಇರಲಿಲ್ಲ, ಬರೀ ‘ಲೆಕ್ಕ’ ಎಂದಿತ್ತು. ಸಿಸ್ಟಮ್32ರೊಳಗೆ ಲೆಕ್ಕ ಎಲ್ಲಿಂದ ಬರಬೇಕು? ಹಾರ್ಡ್ ಡಿಸ್ಕ್ ಕೆಟ್ಟ ದಿನ ನೋಡಿದರೆ ಬ್ಯಾಕಪ್ ಫೋಲ್ಡರ್ ಖಾಲಿ. ಭತ್ತ ಹಾಕಿದ ರೈತರು ಚೀಟಿ ಹಿಡಿದು ಗೇಟಿನಲ್ಲಿ ನಿಂತಿದ್ದರು. ಬ್ಯಾಚ್ ಫೈಲಿನ ಮೊದಲ ಸಾಲಿನಲ್ಲೇ ತಾನಿರುವ ಜಾಗವನ್ನು ಒಂದು ಲಾಗ್ ಕಡತಕ್ಕೆ ಬರೆಯುವಂತೆ ಮಾಡಿದ್ದರೆ, ಅದನ್ನು ತೆರೆದು ನೋಡಿದವರಿಗೆ ಮರುದಿನವೇ ತಿಳಿಯುತ್ತಿತ್ತು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೂ ಇದೇ ಪಾಠ ಬೇಕು. ಅಂಕಗಳ ಕಡತ ಪ್ರೋಗ್ರಾಂ ಪಕ್ಕದಲ್ಲೇ ಇದ್ದರೂ ಸಿಗುತ್ತಿಲ್ಲ ಎಂಬ ದೋಷ ಬಂದಾಗ ಕೋಡ್ ಅಳಿಸಿ ಮತ್ತೆ ಬರೆಯುತ್ತಾ ಕೂರುತ್ತಾರೆ. ‘ಓಎಸ್.ಗೆಟ್‌ಸಿಡಬ್ಲ್ಯುಡಿ()’ ಮುದ್ರಿಸಿದರೆ ಪ್ರೋಗ್ರಾಂ ಎಲ್ಲಿ ಹುಡುಕುತ್ತಿದೆ ಎಂಬುದು ಗೊತ್ತಾಗುತ್ತದೆ.

ಕೊಪ್ಪಳ, ರಾಯಚೂರು ಜಿಲ್ಲೆಗಳ ಐಟಿಐ, ಪಾಲಿಟೆಕ್ನಿಕ್, ಪದವಿ ಕಾಲೇಜುಗಳ ಬೋಧಕರಲ್ಲಿ ನನ್ನ ವಿನಂತಿ ಇಷ್ಟೇ: ಲ್ಯಾಬ್‌ನ ಮೊದಲ ತರಗತಿಯನ್ನು ಇದಕ್ಕೇ ಕೊಡಿ. ಪ್ರಾಯೋಗಿಕ ಪರೀಕ್ಷೆಯ ಮೌಖಿಕದಲ್ಲಿ ಮೊದಲು ಇದನ್ನೇ ಕೇಳಿ. ಕರೆದರೆ ನಾನೇ ಬಂದು ಹೇಳಿಕೊಡುತ್ತೇನೆ, ಹಣವೇನೂ ಬೇಡ. ಸುಗ್ಗಿಯ ದಿನಗಳನ್ನು ಬಿಟ್ಟು ಯಾವಾಗಲಾದರೂ ಸರಿ.

– ಅಕ್ಕಿ ಗಿರಣಿಗಳ ಕಂಪ್ಯೂಟರ್ ನಿರ್ವಾಹಕ, ಕಾರಟಗಿ, ಕೊಪ್ಪಳ ಜಿಲ್ಲೆ