ಮಗಳಿಗೊಂದು ಪತ್ರ: ಒಂದೇ ಸಲ ಕೇಳಿಸುವ ಮಾತು

ಪುಟ್ಟಿ,

ನಿನ್ನೆ ರಾತ್ರಿ ನೀನು ಪರೀಕ್ಷೆಯ ಅಂಕ ಹೇಳಿ ಫೋನಿನಲ್ಲಿ ಅತ್ತಾಗ "ಹೋಗ್ಲಿ ಬಿಡು, ಇನ್ನೊಂದು ಸಲ ಬರೆದರಾಯ್ತು" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನಗೇ ಬೇಜಾರಾಯಿತು. ಅಷ್ಟು ದುಡ್ಡು ಕಟ್ಟಿ, ನೈಟ್ ಡ್ಯೂಟಿ ಮುಗಿಸಿ ಬಂದು, ನಿದ್ದೆಗೆಟ್ಟು ಓದಿದವಳಿಗೆ ಹೇಳುವ ಮಾತೇ ಅದು? ಅಪ್ಪ ಮಲಗಿದ್ದಾರೆ. ಹೊರಗೆ ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿದೆ. ಬಾಯಲ್ಲಿ ಬಾರದ್ದನ್ನು ಬರೆದಾದರೂ ಹೇಳೋಣ ಅಂತ ಕೂತಿದ್ದೇನೆ.

ಐಇಎಲ್‌ಟಿಎಸ್‌ ಅನ್ನೋ ಆ ಇಂಗ್ಲಿಷ್ ಪರೀಕ್ಷೆಯಲ್ಲಿ ಓದುವುದಕ್ಕೆ 7.5, ಮಾತಾಡುವುದಕ್ಕೆ 7, ಬರೆಯುವುದಕ್ಕೆ 6.5 ಬಂದಿದೆ. ಕೇಳುವುದಕ್ಕೂ 6.5. ನೀನು ನರ್ಸ್ ಆಗಿ ಹೋಗಬೇಕೆಂದಿರುವ ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ಗೆ ಬರೆಯುವುದರಲ್ಲಿ ಆರೂವರೆ ಸಾಕು, ಉಳಿದ ಮೂರರಲ್ಲೂ ಏಳು ಬೇಕೇ ಬೇಕು. ಆ ಅರ್ಧಕ್ಕಾಗಿ ನೀನು ಅಳುತ್ತಿದ್ದೀಯ. ಏಳು ಅಂದರೆ 40 ಪ್ರಶ್ನೆಯಲ್ಲಿ ಸುಮಾರು 30 ಸರಿಯಾಗಬೇಕು, ಅಲ್ವಾ? ನಿನ್ನ ಪ್ರ್ಯಾಕ್ಟೀಸ್ ಪುಸ್ತಕದಲ್ಲಿ 27, 28, 27 ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದೀಯ. ಎರಡು ಮೂರು ಉತ್ತರದ ಮಾತು. ಇಂಗ್ಲಿಷ್ ಬರದವಳ ತೊಂದರೆ ಅಲ್ಲ ಇದು.

ಅಮ್ಮನಿಗೇನು ಗೊತ್ತು ಅಂದುಕೊಳ್ಳಬೇಡ. ಕಿವಿಯಿಂದ ಅನ್ನ ತಿಂದವಳು ನಾನು. 1983ರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದೆ. ಮೊದಲ ಹತ್ತು ವರ್ಷಕ್ಕೂ ಜಾಸ್ತಿ, ದೂರದೂರಿನ ಕಾಲ್ ಕೈಯಲ್ಲೇ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆಯೇ ಹೋಯಿತು. ತಲೆಗೆ ಹೆಡ್‌ಸೆಟ್, ಕೈಯಲ್ಲಿ ಪೆನ್ಸಿಲ್, ಮುಂದೆ ಕಾಲಿನ ವಿವರ ಬರೆಯುವ ಟಿಕೆಟ್ ಕಟ್ಟು. ಎಸ್‌ಟಿಡಿ ಊರೂರಿಗೆ ಬಂದು ಜನ ತಾವೇ ನಂಬರ್ ತಿರುಗಿಸತೊಡಗಿದ ಮೇಲೆ ಬೋರ್ಡಿನ ಕೆಲಸ ಕರಗಿತು, ಬಿಲ್ ಕೌಂಟರಿಗೆ ಹೋದೆ, 2020ರ ಜನವರಿಯಲ್ಲಿ ಎಲ್ಲರ ಜೊತೆ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತೆಗೆದುಕೊಂಡು ಮನೆಗೆ ಬಂದೆ. ಅದೆಲ್ಲ ನಿನಗೆ ಗೊತ್ತಿರುವುದೇ.

ಗೊತ್ತಿಲ್ಲದ್ದು ಒಂದಿದೆ. ಹೋದ ಸಲ ನೀನು ರಜಕ್ಕೆ ಬಂದು ಮಧ್ಯಾಹ್ನ ಮಲಗಿದ್ದಾಗ, ನಿನ್ನ ಇಯರ್‌ಫೋನ್ ಹಾಕಿಕೊಂಡು ನಾನೂ ಒಂದು ಕೇಳುವ ಟೆಸ್ಟ್ ಬರೆದೆ. ನಗಬೇಡ. ಮೊದಲ ಭಾಗದಲ್ಲಿ ಹತ್ತಕ್ಕೆ ಒಂಬತ್ತು. ಯಾರೋ ಒಬ್ಬ ರೂಮು ಬುಕ್ ಮಾಡಲು ಫೋನ್ ಮಾಡುತ್ತಾನೆ. ಆ ಕಡೆಯವಳು ಹೆಸರು, ವಿಳಾಸ, ನಂಬರ್ ಕೇಳಿ ಬರೆದುಕೊಳ್ಳುತ್ತಾಳೆ. ನನ್ನ ಹಳೇ ಕೆಲಸವೇ! ನಾಲ್ಕನೆಯ ಭಾಗದಲ್ಲಿ ಮೂರೇ ಮೂರು ಸರಿ. ಯಾವುದೋ ಕಡಲ ಪ್ರಾಣಿಯ ಮೇಲೆ ಪ್ರೊಫೆಸರ್ ಭಾಷಣ. ನಡುವೆ ಉಸಿರಾಡಲೂ ಬಿಡಲಿಲ್ಲ ಪುಣ್ಯಾತ್ಮ.

ಆಮೇಲೆ ನಿನ್ನ ಪುಸ್ತಕ ತಿರುವಿ ಹಾಕಿದೆ. ತಪ್ಪುಗಳು ಒಂಟಿಯಾಗಿ ಇರಲಿಲ್ಲ, ಸಾಲಾಗಿ ಇದ್ದವು. 14 ತಪ್ಪು, 15 ಖಾಲಿ, 16 ಖಾಲಿ. ಇನ್ನೊಂದರಲ್ಲಿ 33 ತಪ್ಪು, 34 ಖಾಲಿ. ಅದನ್ನು ನೋಡಿದ ತಕ್ಷಣ ನನಗೆ 1988ರ ಒಂದು ರಾತ್ರಿ ನೆನಪಾಯಿತು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ನನ್ನ ತಪ್ಪಾದ್ದರಿಂದ ಹೇಳಿಲ್ಲ, ಅಷ್ಟೇ.

ಆಷಾಢದ ಮಳೆ. ರಾತ್ರಿ ಎರಡರ ಹತ್ತಿರ. ಬೋರ್ಡಿನಲ್ಲಿ ನಾನೊಬ್ಬಳೇ. ಬೊಂಬಾಯಿಯಿಂದ ಲೈಟ್ನಿಂಗ್ ಕಾಲ್. ಸಾಧಾರಣ ಕಾಲಿನ ಎಂಟು ಪಟ್ಟು ದುಡ್ಡು ಅದಕ್ಕೆ. ಸಾವು ನೋವು ಇಲ್ಲದೆ ಯಾರೂ ಬುಕ್ ಮಾಡುತ್ತಿರಲಿಲ್ಲ. ಅದೂ ಪಿ.ಪಿ. ಕಾಲ್. ಅಂದರೆ ಇಂಥವರನ್ನೇ ಕರೆಸಿ ಮಾತಾಡಿಸಬೇಕು. ಆ ಕಡೆಯ ಆಪರೇಟರ್ ನಂಬರ್ ಹೇಳಿದಳು. ಲೈನಿನಲ್ಲಿ ಬಾಣಲೆಯಲ್ಲಿ ಒಗ್ಗರಣೆ ಸಿಡಿದ ಹಾಗೆ ಸದ್ದು. ನಾಲ್ಕು ಅಂಕಿಯಲ್ಲಿ ಮೂರನೆಯದು ಕೇಳಿಸಲಿಲ್ಲ. ಐದೋ, ಒಂಬತ್ತೋ? ಫೈವ್, ನೈನ್ ಎರಡೂ ಕೆಟ್ಟ ಲೈನಿನಲ್ಲಿ ಒಂದೇ ಥರ. ನಾನು ಅದನ್ನೇ ಯೋಚಿಸುತ್ತಾ ನಿಂತುಬಿಟ್ಟೆ. ಅಷ್ಟರಲ್ಲಿ ಅವಳು ಹೆಸರು ಹೇಳಿದಳು, ಸ್ಪೆಲ್ಲಿಂಗೂ ಹೇಳಿದಳು. ನನ್ನ ಪೆನ್ಸಿಲ್ ಮೂರನೇ ಅಂಕಿಯ ಜಾಗದಲ್ಲೇ ಇತ್ತು. ಲೈನ್ ಸತ್ತಿತು.

ಯೋಚನೆ ಮಾಡು. ಹೆಸರು ಬರೆದುಕೊಂಡಿದ್ದರೆ ಫೋನ್ ಎತ್ತಿದವರನ್ನು ಇಂಥವರು ಬೇಕು ಅಂತಾದರೂ ಕೇಳಬಹುದಿತ್ತು. ಹೋದ ಅಂಕಿಯ ಹಿಂದೆ ಹೋಗಿ, ಸಿಗುತ್ತಿದ್ದ ಹೆಸರನ್ನೂ ಕಳೆದುಕೊಂಡೆ. ಬೊಂಬಾಯಿ ಲೈನ್ ಮತ್ತೆ ಬರುವ ಸೂಚನೆ ಇರಲಿಲ್ಲ. ಒಂದು ಅಂಕಿ ಗೊತ್ತಿಲ್ಲ ಅಂದರೆ ಹತ್ತು ನಂಬರ್. ಸೊನ್ನೆಯಿಂದ ಶುರು ಮಾಡಿ ಒಂದೊಂದಾಗಿ ತಿರುಗಿಸಿದೆ. ಒಂದು ಅಂಗಡಿ, ಯಾರೂ ಎತ್ತಲಿಲ್ಲ. ಒಂದು ವಕೀಲರ ಮನೆ, ಬೈಸಿಕೊಂಡೆ. ಮತ್ತೊಂದು ಮನೆಯಲ್ಲಿ ಮುದುಕಿಯೊಬ್ಬರು ಗಾಬರಿಯಾಗಿ ಯಾರು ಹೋದರು ಅಂತ ಅಳಲು ಶುರು ಮಾಡಿದರು. ಏಳನೆಯ ಸಲಕ್ಕೆ ಒಬ್ಬರು, "ಹೌದಮ್ಮ, ಪಕ್ಕದ ಮನೆಯವರ ಮಗ ಬೊಂಬಾಯಲ್ಲಿದ್ದಾನೆ, ನಮ್ಮ ನಂಬರೇ ಕೊಟ್ಟಿರುತ್ತಾರೆ" ಅಂದರು. ಲೈನ್ ಮತ್ತೆ ಬರುವಷ್ಟರಲ್ಲಿ ಪಕ್ಕದ ಮನೆಯವರನ್ನು ಎಬ್ಬಿಸಿ ಕೂರಿಸಿದ್ದರು. ಅಂಕಿ ಆರು, ಐದೂ ಅಲ್ಲ ಒಂಬತ್ತೂ ಅಲ್ಲ.

ಬೆಳಿಗ್ಗೆ ಸೂಪರ್‌ವೈಸರ್ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ. ನನ್ನ ಟಿಕೆಟ್ ತೆಗೆದುಕೊಂಡು ಮೂರನೇ ಅಂಕಿಯ ಜಾಗದಲ್ಲಿ ಒಂದು ಸಣ್ಣ ಗೆರೆ ಎಳೆದು ತೋರಿಸಿದರು. "ಕೇಳಿಸದೇ ಹೋದರೆ ಹೀಗೆ ಗೆರೆ ಎಳಿ, ಪೆನ್ಸಿಲ್ ಮುಂದಿನ ಮನೆಗೆ ತಗೊಂಡು ಹೋಗು" ಅಂದರು. ಆಮೇಲೆ ಅದನ್ನೇ ಮಾಡಿದೆ.

ನಿನಗೂ ಅಷ್ಟೇ ಹೇಳುವುದು. ಆಸ್ಪತ್ರೆಯಲ್ಲಿ ಡಾಕ್ಟರ್ ಫೋನಿನಲ್ಲಿ ಡೋಸ್ ಹೇಳಿದರೆ ನೀನು ತಿರುಗಿ ಓದಿ ಹೇಳುತ್ತೀಯ. "ಫಿಫ್ಟೀನ್, ಒನ್ ಫೈವ್, ಸರಿನಾ ಸರ್?" ಅಂತ. ನಾವೂ ಎಕ್ಸ್‌ಚೇಂಜಿನಲ್ಲಿ ನಂಬರ್ ತಿರುಗಿ ಹೇಳುತ್ತಿದ್ದೆವು. ಕೇಳಿಸಲಿಲ್ಲ ಅಂದರೆ ನಿಲ್ಲಿಸಿ ಮತ್ತೆ ಕೇಳು ಅಂತ ನಿನ್ನ ಕೆಲಸ ನಿನಗೆ ಕಲಿಸಿದೆ. ಅದು ರೋಗಿಯ ಜೀವ ಉಳಿಸುವ ಅಭ್ಯಾಸ, ಬಿಡಬೇಡ. ಆದರೆ ಪರೀಕ್ಷೆಯಲ್ಲಿ ಅದೇ ಅಭ್ಯಾಸ ನಿನ್ನನ್ನು ಮುಳುಗಿಸುತ್ತಿದೆ. ಅಲ್ಲಿ ಒಂದೇ ಸಲ ಹಾಕುತ್ತಾರೆ. ಅರ್ಧ ಗಂಟೆ, ನಾಲ್ಕು ಭಾಗ, 40 ಪ್ರಶ್ನೆ, ಯಾರನ್ನೂ ತಿರುಗಿ ಕೇಳುವ ಹಾಗಿಲ್ಲ. 14 ಕೇಳಿಸಲಿಲ್ಲ ಅಂದ ಕೂಡಲೇ ಕಣ್ಣು 15ಕ್ಕೆ ಹೋಗಬೇಕು. ಬಿಟ್ಟದ್ದಕ್ಕೆ ಕೊನೆಯಲ್ಲಿ ಏನಾದರೂ ಊಹಿಸಿ ತುಂಬು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕಾಗದದ ಪರೀಕ್ಷೆಯಲ್ಲಿ ಉತ್ತರ ನಕಲು ಮಾಡಲು ಕೊನೆಗೆ ಹತ್ತು ನಿಮಿಷ ಕೊಡುತ್ತಿದ್ದರು. ನೀನು ಕಂಪ್ಯೂಟರಿನಲ್ಲಿ ಬರೆಯುವವಳು, ನಿನಗೆ ನೋಡಿಕೊಳ್ಳಲು ಎರಡೇ ನಿಮಿಷ. ಅದನ್ನು ಇದಕ್ಕೇ ಇಟ್ಟುಕೋ.

ಇನ್ನು ನನ್ನ ಆ ಹತ್ತರಲ್ಲಿ ಒಂದು ತಪ್ಪಿನ ಕಥೆ. ಉತ್ತರ "ಟವೆಲ್ಸ್". ನಾನು ಬರೆದದ್ದು "ಟವೆಲ್". ಕೊನೆಯ ಎಸ್ ಇಲ್ಲ, ಅಂಕವೂ ಇಲ್ಲ. ಮತ್ತೆ ಹಾಕಿ ಕೇಳಿದರೆ ಅವನು ಸ್ಪಷ್ಟವಾಗಿಯೇ ಎಸ್ ಹೇಳಿದ್ದಾನೆ! ಯಾಕೆ ಹೀಗಾಯಿತು ಅಂತ ಅಡುಗೆ ಮಾಡುತ್ತಾ ಯೋಚಿಸಿದೆ. ನಾವು ಅಂಗಡಿಯಲ್ಲಿ ಏನಂತೀವಿ? "ಎರಡು ಟವೆಲ್ ಕೊಡಿ, ಆರು ಬಾಳೆಹಣ್ಣು ಕೊಡಿ." ಆರು ಬಾಳೆಹಣ್ಣುಗಳು ಅಂತ ಯಾರಾದರೂ ಅಂತಾರಾ? ಎರಡು ಅಂದ ಮೇಲೆ "ಗಳು" ಬೇಕಿಲ್ಲ ನಮಗೆ. ಹಾಗಾಗಿ ಇಂಗ್ಲಿಷಿನ ಎಸ್ ಕಿವಿಗೆ ಬಿದ್ದರೂ ಕನ್ನಡದ ತಲೆ ಅದನ್ನು ಗುಡಿಸಿ ಹಾಕುತ್ತದೆ. ನಿನ್ನ ಪುಸ್ತಕದಲ್ಲೂ ಇಂಥವು ನಾಲ್ಕು ಸಿಕ್ಕವು. ನಾಲ್ಕು! ನಿನಗೆ ಬೇಕಿರುವುದು ಎರಡೋ ಮೂರೋ.

ಅಕ್ಷರಗಳ ವಿಷಯ ನನ್ನ ಹತ್ತಿರ ಕೇಳು. ಹೆಸರಿನ ಸ್ಪೆಲ್ಲಿಂಗ್ ಹೇಳುವಾಗ ನಮ್ಮವರು ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ ಅಂತ ಬಿಡಿಸಿ ಹೇಳುತ್ತಿದ್ದರು. ಆ ಆಡಿಯೊದಲ್ಲಿ ಬರೀ ಅಕ್ಷರ, ಅದೂ ಒಂದೇ ಉಸಿರಿಗೆ. ಇಂಗ್ಲೆಂಡಿನವರ "ಆರ್" ನಲ್ಲಿ ರ್ ಸದ್ದೇ ಇರುವುದಿಲ್ಲ, ಬರೀ "ಆ". ಡಬಲ್ ಎಲ್ ಅಂದರೆ ಎರಡು ಎಲ್, ಡಬ್ಲ್ಯು ಅಂತ ಗಡಿಬಿಡಿ ಮಾಡಿಕೊಳ್ಳಬೇಡ. ಫೋನ್ ನಂಬರಿನ ಸೊನ್ನೆಗೆ "ಓ" ಅಂತಾರೆ. ಆಸ್ಟ್ರೇಲಿಯಾದವರ "ಏ" ನಮ್ಮ ಕಿವಿಗೆ "ಐ" ಥರ ಬೀಳುತ್ತದೆ. ಅವರ ಏಯ್ಟ್ ನನಗೆ ಐಟ್ ಅಂತಲೇ ಕೇಳಿಸಿತು. ಥರ್ಟೀನ್, ಥರ್ಟಿ ಬಂದರೆ ಕೊನೆಗೆ ನ್ ಇದೆಯಾ ನೋಡು.

ಒಮ್ಮೆ ಹೇಳಿ ಮತ್ತೆ ತಿದ್ದುವುದೂ ಇದೆ. "ಮಂಗಳವಾರ ಬರ್ತೀನಿ... ಅಯ್ಯೋ ಇಲ್ಲ, ಅವತ್ತು ಡೆಂಟಿಸ್ಟ್ ಹತ್ರ ಹೋಗಬೇಕು, ಗುರುವಾರ." ಮಂಗಳವಾರ ಕೇಳಿದ ಕೂಡಲೇ ಟೈಪ್ ಮಾಡಿ ನೆಮ್ಮದಿಯಾಗಿ ಕೂತವರು ಕೆಟ್ಟರು. ನಿನ್ನ ಅಜ್ಜಿ ಮದುವೆಗೆ ಬರುವ ದಿನ ಹೇಳುತ್ತಿದ್ದದ್ದು ಹೀಗೇ ಅಲ್ವಾ? ಅವರು ಪೂರ್ತಿ ಮಾತು ಮುಗಿಸುವವರೆಗೆ ನಾವು ಯಾರೂ ಬಸ್ ಸ್ಟ್ಯಾಂಡಿಗೆ ಹೋಗುತ್ತಿರಲಿಲ್ಲ.

ಎರಡನೆಯ ಭಾಗ ನಿನಗೆ ಕಷ್ಟವಿಲ್ಲ. ನಕ್ಷೆ ಬಂದರೆ ಬಾಗಿಲು ಎಲ್ಲಿದೆ ಅಂತ ಮೊದಲು ನೋಡಿಕೋ, ಸಾಕು.

ಮೂರನೆಯದರಲ್ಲಿ ಇಬ್ಬರು ಮೂವರು ವಿದ್ಯಾರ್ಥಿಗಳು ಪ್ರಾಜೆಕ್ಟ್ ಬಗ್ಗೆ ಚರ್ಚೆ ಮಾಡುತ್ತಾರೆ, ಮೂರು ಉತ್ತರದಲ್ಲಿ ಒಂದನ್ನು ಆರಿಸಬೇಕು. ಅಲ್ಲಿ ನೀನು ಎಡವುವುದು ಅವರ ಮರ್ಯಾದೆಯ ಮಾತಿಗೆ. ಮಾವನ ಹತ್ತಿರ ಸಾಲ ಕೇಳಿದರೆ "ನೋಡೋಣ" ಅಂತಾರೆ. ನಾವು ನೋಡುತ್ತಾ ಕೂರುತ್ತೇವಾ? ಇಲ್ಲ ಅಂತ ಅರ್ಥ ಮಾಡಿಕೊಂಡು ಕಾಫಿ ಕುಡಿದು ಎದ್ದು ಬರುತ್ತೇವೆ. ಇಂಗ್ಲಿಷಿನವರಿಗೂ ಅವರದ್ದೇ ಒಂದು "ನೋಡೋಣ" ಇದೆ. "ಐ ಸಪೋಸ್ ಸೋ" ಅಂತ ಎಳೆದು ಹೇಳಿದರೆ ಅರೆಮನಸ್ಸು. "ಐಯಾಮ್ ನಾಟ್ ಶ್ಯೂರ್ ಅಬೌಟ್ ದಟ್" ಅಂದರೆ ಬೇಡ ಅಂತಲೇ. ಇನ್ನೊಂದು ಸಂಗತಿ: ಪ್ರಶ್ನೆಯಲ್ಲಿದ್ದ ಪದವೇ ಆಡಿಯೊದಲ್ಲಿ ಢಾಳಾಗಿ ಬಂದರೆ ಸ್ವಲ್ಪ ಅನುಮಾನ ಪಡು. ಸರಿಯುತ್ತರ ಸಾಮಾನ್ಯವಾಗಿ ಬೇರೆ ಮಾತಿನಲ್ಲಿ ಬರುತ್ತದೆ.

ಕೋಚಿಂಗಿನಲ್ಲಿ ಇಂಗ್ಲಿಷ್ ಸಿನಿಮಾ ಸಬ್‌ಟೈಟಲ್ ಹಾಕಿಕೊಂಡು ನೋಡಿ ಅಂದರಂತೆ. ನನಗೆ ಒಪ್ಪಿಗೆಯಾಗಲಿಲ್ಲ. ಅದು ಓದುವುದಾಯಿತು, ಕೇಳುವುದು ಎಲ್ಲಿ ಬಂತು? ದಿನಕ್ಕೊಂದು ಟೆಸ್ಟ್ ಬರೆದು ಅಂಕ ಎಣಿಸುವುದನ್ನೂ ನಿಲ್ಲಿಸು. ಮೂರು ದಿನಕ್ಕೊಂದು ಬರೆದರೆ ಸಾಕು. ಉಳಿದ ಎರಡು ದಿನ ತಪ್ಪಾದ ಜಾಗವನ್ನಷ್ಟೇ ಮತ್ತೆ ಕೇಳು. ಆಡಿಯೊದ ಮಾತೆಲ್ಲ ಪುಸ್ತಕದ ಹಿಂದೆ ಅಚ್ಚಾಗಿದೆ, ನೀನು ಅದನ್ನು ತಿರುಗಿಸಿಯೂ ನೋಡಿಲ್ಲ, ಹಾಳೆ ಗರಿಗರಿಯಾಗಿದೆ! ಅದನ್ನು ಬೆರಳಿಟ್ಟು ಓದುತ್ತಾ ಕೇಳಿದರೆ ಗೊತ್ತಾಗುತ್ತದೆ. ನಾವು ವೆ-ಜಿ-ಟೇ-ಬಲ್ ಅಂತ ಅಕ್ಷರ ಅಕ್ಷರಕ್ಕೂ ಸಮಾನ ಮರ್ಯಾದೆ ಕೊಡುತ್ತೇವೆ. ಅವರು ನಡುವಿನದ್ದನ್ನು ನುಂಗಿ ವೆಜ್ಟಬಲ್ ಅಂತ ಮುಗಿಸುತ್ತಾರೆ. ನಾವು ಕಾಯುತ್ತಿರುವ ಪದ ಬರಲೇ ಇಲ್ಲ ಅಂದುಕೊಳ್ಳುತ್ತೇವೆ. ಅದು ಬಂದು ಹೋಗಿರುತ್ತದೆ.

ಬಸ್ಸಿನಲ್ಲಿ ಹೋಗುವಾಗ ಬಿಬಿಸಿಯೋ ಆಸ್ಟ್ರೇಲಿಯಾದ ರೇಡಿಯೊವೋ ಯಾವುದಾದರೂ ಹಾಕಿಕೋ. ಆದರೆ ಹಾಡಿನ ಹಾಗೆ ಹಿಂದೆ ಓಡಲು ಬಿಡಬೇಡ. ಐದು ನಿಮಿಷ ಕೇಳಿ, ನಿಲ್ಲಿಸಿ, ಏನು ಹೇಳಿದರು ಅಂತ ನಿನಗೆ ನೀನೇ ಹೇಳಿಕೋ. ನೈಟ್ ಡ್ಯೂಟಿ ಇದ್ದ ದಿನ ಇದೇನೂ ಬೇಡ, ಮಲಗು. ನಿದ್ದೆಯಿಲ್ಲದ ಕಿವಿ ಕಿವಿಯಲ್ಲ, ನನಗೆ ಗೊತ್ತು.

ಆ ಕೊನೆಯ ಪ್ರೊಫೆಸರ್ ಭಾಗಕ್ಕೆ ನನ್ನ ಹತ್ತಿರ ಮದ್ದಿಲ್ಲ. ನಿನ್ನ ಹತ್ತಿರ ಇದೆ. ಬೆಳಿಗ್ಗೆ ಏಳೂವರೆಗೆ ಡ್ಯೂಟಿ ಬದಲಾಗಿ ಹ್ಯಾಂಡೋವರ್ ಕೊಡುವಾಗ ರಾತ್ರಿಯ ಸಿಸ್ಟರ್ ಹತ್ತು ಬೆಡ್‌ನ ಕಥೆ ಒಂದೇ ಉಸಿರಿಗೆ ಹೇಳುತ್ತಾರೆ ಅಂತ ನೀನೇ ಹೇಳಿದ್ದು. ಅಲ್ಲಿ ನೀನು ಪ್ರತಿ ಪದ ಹಿಡಿಯಲು ಹೋಗುತ್ತೀಯಾ? ಬಿಪಿ, ಡ್ರಿಪ್, ಜ್ವರ ಅಂತ ಯಾವ ಮನೆ ತುಂಬಬೇಕೋ ಅದಕ್ಕೆ ಕಾಯುತ್ತೀಯ. ಪ್ರಶ್ನೆ ಓದಿಕೊಳ್ಳಲು ಕೊಡುವ ಅರ್ಧ ಮುಕ್ಕಾಲು ನಿಮಿಷದಲ್ಲಿ ಖಾಲಿ ಜಾಗಕ್ಕೆ ಏನು ಬರಬಹುದು, ಅಂಕಿಯೋ ಊರೋ ವಸ್ತುವೋ ಅಂತ ನೋಡಿಕೊಂಡರೆ ಅದೂ ಹ್ಯಾಂಡೋವರೇ.

ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಕಾಗದ, ಪೆನ್ಸಿಲ್ ಇಟ್ಟುಕೊಂಡು ಕೂತಿರು. ಹತ್ತು ನಂಬರ್, ಐದು ಹೆಸರು ಹೇಳುತ್ತೇನೆ, ನಡುವೆ ಅಪ್ಪನಿಗೆ ಟಿವಿ ಜೋರಾಗಿ ಹಾಕಲು ಹೇಳಿದ್ದೇನೆ. ಒಂದೇ ಸಲ. "ಏನಮ್ಮಾ, ಇನ್ನೊಂದ್ಸಲ" ಅಂದರೆ ಫೋನ್ ಇಟ್ಟುಬಿಡುತ್ತೇನೆ. ಗೆರೆ ಎಳೆದು ಮುಂದೆ ಹೋಗು.

ಹಲಸಿನಕಾಯಿ ಹಪ್ಪಳ ಬಸ್ಸಿಗೆ ಹಾಕಿದ್ದೇನೆ. ಮೆಜೆಸ್ಟಿಕ್ಕಿಗೆ ಶನಿವಾರ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಬರುತ್ತದೆ. ಐದೂವರೆ ಅಲ್ಲ, ಐದೂಮುಕ್ಕಾಲು.

ನಿನ್ನ,
ಅಮ್ಮ