ಅಪ್ಪನ 18ನೇ ಡ್ರಿಪ್

ನಿನ್ನೆ ಅಪ್ಪನಿಗೆ 18ನೇ ಡ್ರಿಪ್ ಆಯಿತು. 21 ದಿನಕ್ಕೊಮ್ಮೆ ಅರಸೀಕೆರೆಯಿಂದ ಬೆಂಗಳೂರಿಗೆ ಓಡಾಡುತ್ತಾ ಹೆಚ್ಚುಕಮ್ಮಿ ಒಂದು ವರ್ಷ. ಲಿವರ್‌ನಲ್ಲಿರುವ ಕ್ಯಾನ್ಸರ್ ಗಡ್ಡೆ ಪೂರ್ತಿ ಹೋಗಿಲ್ಲ, ಕುಗ್ಗಿದೆ. ಥ್ಯಾಂಕ್ಸ್ ಹೇಳೋಕೆ ಅಷ್ಟು ಸಾಕು.

ಮೊದಲು ಡಾಕ್ಟರಮ್ಮನಿಗೆ. ಅಪ್ಪ ರಿಟೈರ್ಡ್ ಕಂಡಕ್ಟರ್ ಅಂತ ಗೊತ್ತಾಗಿದ್ದೇ ತಡ, ಚೀಟಿಯ ಹಿಂದೆ ಒಂದು ಬಸ್ ಬರೆದರು. ಟಿ ಸೆಲ್, ಅಂದರೆ ರೋಗದ ವಿರುದ್ಧ ಹೋರಾಡುವ ನಮ್ಮ ರಕ್ತದ ಕೋಶ, ಚೆಕಿಂಗ್‌ನವರಿದ್ದ ಹಾಗೆ. ಕ್ಯಾನ್ಸರ್ ಕೋಶ ಪಿಡಿ-ಎಲ್1 ಅನ್ನೋ ಪಾಸ್ ಹಿಡಿದು ಕೂತಿರುತ್ತದೆ. ಟಿ ಸೆಲ್‌ನ ಮೇಲಿರುವ ಪಿಡಿ-1ಗೆ ಅದು ತಗುಲಿದರೆ 'ಬಿಟ್ಟುಬಿಡು' ಅಂತ ಒಳಗೆ ಸಂಕೇತ ಹೋಗುತ್ತದೆ. ಡ್ರಿಪ್‌ನಲ್ಲಿ ಕೊಡುವ ಅಟೆಜೊಲಿಜುಮ್ಯಾಬ್ ಅನ್ನೋ ಔಷಧಿ ಆ ಪಾಸನ್ನೇ ಮುಚ್ಚುತ್ತದೆ. ಜೊತೆಗೆ ಕೊಡುವ ಬೆವಾಸಿಜುಮ್ಯಾಬ್, ಹೊಸ ರಕ್ತನಾಳ ಬೆಳೆಸಿಕೊಳ್ಳಲು ಗಡ್ಡೆ ಕಳಿಸುವ ವಿಇಜಿಎಫ್ ಅನ್ನೋ ಸಂಕೇತವನ್ನು ದಾರಿಯಲ್ಲೇ ಹಿಡಿಯುತ್ತದೆ.

"ಹಂಗಾದ್ರೆ ಇಷ್ಟು ದಿನ ಡೂಪ್ಲಿಕೇಟ್ ಪಾಸಲ್ಲಿ ಓಡಾಡ್ತಿತ್ತು ಅನ್ನಿ ಮೇಡಂ" ಅಂದರು ಅಪ್ಪ. ರೋಗ ಗೊತ್ತಾದ ಮೇಲೆ ಅವರು ನಕ್ಕಿದ್ದು ಅವತ್ತೇ.

ಮೇಡಂ, ಒಂದು ಕ್ಷಮೆಯೂ ಬಾಕಿ ಇದೆ. ಮೊದಲ ಡ್ರಿಪ್‌ಗೂ ಮುಂಚೆ ಎಂಡೋಸ್ಕೋಪಿ ಆಗಲೇಬೇಕು ಅಂದಾಗ ನಾನು ರೇಗಾಡಿದ್ದೆ. ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿದ್ದು ಕಂಡಿದ್ದು ಅದರಿಂದಲೇ. ಸುಮ್ನೆ ಡ್ರಿಪ್ ಹಾಕಿದ್ದರೆ ಅವುಗಳಿಂದ ರಕ್ತಸ್ರಾವ ಆಗಬಹುದಿತ್ತು.

ನಮ್ಮೂರ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ. "ಕುಡೀತಿದ್ರಾ?" ಅಂತ ಕೇಳದವರೇ ಇರಲಿಲ್ಲ. ಅಪ್ಪ ಒಂದು ಹನಿ ಮುಟ್ಟಿದವರಲ್ಲ. ಕಾರಣ ಹೆಪಟೈಟಿಸ್ ಬಿ, ಲಿವರ್‌ಗೆ ತಗಲುವ, ಒಬ್ಬರಿಂದ ಒಬ್ಬರಿಗೆ ಹರಡಬಹುದಾದ ವೈರಸ್ ಸೋಂಕು. ಸಿಸ್ಟರ್ ಅದನ್ನು ತಿಳಿದು, ನಮ್ಮನ್ನೆಲ್ಲಾ ಸಾಲಾಗಿ ಕೂರಿಸಿ ರಕ್ತ ಪರೀಕ್ಷೆ ಮಾಡಿಸಿದರು, ಬೇಕಾದವರಿಗೆ ಲಸಿಕೆ ಹಾಕಿಸಿದರು. ಬೈದುಕೊಂಡೇ!

ದುಡ್ಡು ಕೊಟ್ಟು ಲೆಕ್ಕ ಕೇಳದ ಅತ್ತೆ, ಮಾವ, ಡಿಪೋದ ಅಪ್ಪನ ಸ್ನೇಹಿತರು: ನಿಮಗೆ ಬರೆಯೋದಿಲ್ಲ, ಮನೆಗೇ ಬರುತ್ತೇನೆ.

ಇನ್ನೊಂದು ಥ್ಯಾಂಕ್ಸ್ ಯಾರಿಗೆ ತಲುಪಿಸಬೇಕೋ ಗೊತ್ತಿಲ್ಲ. ಈ ಎರಡು ಔಷಧಿಗಳ ಜೋಡಿಯನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗದ ವರದಿ 2020ರಲ್ಲಿ ಬಂತು. 501 ಜನ ರೋಗಿಗಳು ಒಪ್ಪಿ ಸೇರಿದ್ದರು. 336 ಜನರ ಪಾಲಿಗೆ ಹೊಸ ಜೋಡಿ ಬಂತು. ಉಳಿದ 165 ಜನರಿಗೆ ಹಳೆಯ ಸೊರಾಫೆನಿಬ್ ಮಾತ್ರೆ. ಹೊಸದು ಜಾಸ್ತಿ ದಿನ ಬದುಕಿಸುತ್ತೆ ಅಂತ ಗೊತ್ತಾಗಿದ್ದು ಆ 165 ಜನರ ಜೊತೆ ಹೋಲಿಸಿ ನೋಡಿದ್ದಕ್ಕೆ ತಾನೇ? ಅವರಲ್ಲಿ ಎಷ್ಟೋ ಜನರ ಮಕ್ಕಳೂ ನನ್ನ ಹಾಗೇ ಆಸ್ಪತ್ರೆ ಕಾರಿಡಾರ್‌ನಲ್ಲಿ ಕೂತಿದ್ದಿರಬೇಕು, ಅಲ್ವಾ? ಅವರಿಗೆಲ್ಲಾ ಕೈ ಮುಗಿಯುತ್ತೇನೆ.

19ನೆಯದಕ್ಕೆ ರೈಲು ಟಿಕೆಟ್ ಆಗಿದೆ. ಬಸ್ಸಲ್ಲೇ ಹೋಗೋಣ ಅಂತ ಅಪ್ಪನ ಹಟ.